ಉಪ್ಪು ತೀರ್ಥ

ನಾನು ಹಲ್ಲಿನ ಡಾಕ್ಟರು. ವಾರದಲ್ಲಿ ಐದು ದಿನ ಲಂಡನ್ನಿನ ಅಂಚಿನ ಇಲ್ಫರ್ಡಿನ ಜನರ ಹಲ್ಲು ನೋಡುತ್ತೇನೆ. ಭಾನುವಾರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿದು, ಐದೂವರೆ ಕೋಟಿ ವರ್ಷದ ಹಿಂದೆ ಶಾರ್ಕ್ ಮೀನುಗಳು ಉದುರಿಸಿ ಹೋದ ಹಲ್ಲು ಹುಡುಕುತ್ತೇನೆ. ಕನ್ನಡದವರ ಯುಗಾದಿ ಊಟದಲ್ಲಿ ಈ ವಿಷಯ ಬಂದರೆ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ, ಗಂಡಸರು ನನ್ನ ಗಂಡ ಮುಕುಂದನ ಕಡೆ ಕನಿಕರದಿಂದ ನೋಡುತ್ತಾರೆ. ಯಾಕೆ ಹೋಗುತ್ತೀರಿ ಎಂದು ಕೇಳಿದವರಿಗೆ ದಾನಪ್ಪನ ದವಡೆಯ ಕಥೆ ಹೇಳಿ ಮುಗಿಸಿಬಿಡುತ್ತೇನೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ದಾನಪ್ಪ ವಿಜಯಪುರದ ಕಡೆಯವನು, ಪಾರ್ಕ್ ರಾಯಲ್‌ನ ಒಂದು ಸ್ಯಾಂಡ್‌ವಿಚ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. 1997ರಲ್ಲಿ ದವಡೆ ನೋವೆಂದು ನನ್ನ ಕುರ್ಚಿಗೆ ಬಂದ. ಹಲ್ಲೆಲ್ಲ ಗಟ್ಟಿಮುಟ್ಟು, ಕೆನ್ನೆಯ ಸ್ನಾಯು ಮಾತ್ರ ಬಿಗಿದು ಗಂಟಾಗಿತ್ತು. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ ಎಂದು ಕೇಳಿದೆ.

"ಇಲ್ರೀ ಬಾಯಾರ. ನೀರಾಗ ಇಳದಾಗ ಆ ರಬ್ಬರ್ ಬಾಯಾಗ ಇಟ್ಕೊಂಡು ಉಸರ ತಗೋಬೇಕಲ್ರೀ, ಅದು ಎಲ್ಲಿ ಜಾರಿ ಹೋಗತೈತೋ ಅಂತ ಕಚ್ಚಿ ಹಿಡದಬಿಡ್ತೀನ್ರೀ," ಎಂದ.

ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತವನು ಇಲ್ಲಿ ಡೈವಿಂಗ್ ಕ್ಲಬ್ಬು ಸೇರಿದ್ದ. ಮುಂದಿನ ಸಲ ಬಂದಾಗ ನನ್ನ ಟ್ರೇಯ ಮೇಲೆ ಒಂದು ಕಪ್ಪು ಹಲ್ಲಿಟ್ಟ. ಎರಡು ಕಾಲಿನ ಬೇರು, ಕಿರುಬೆರಳಷ್ಟು ಉದ್ದನೆಯ ಚೂಪು, ಮೇಲೆ ನಿನ್ನೆ ಪಾಲಿಶ್ ಮಾಡಿದಂಥ ಹೊಳಪು. ಒಂದೇ ಒಂದು ಹುಳುಕಿಲ್ಲ. ಉದುರಿದ ಹಾಗೆಲ್ಲ ಹೊಸ ಹಲ್ಲು ಮುಂದಕ್ಕೆ ಬರುತ್ತಲೇ ಇರುವ ಆ ಪ್ರಾಣಿಯ ಊರಿನಲ್ಲಿ ನನ್ನ ಕಸುಬಿನವರು ಉಪವಾಸ ಸಾಯಬೇಕು. ಹೊರಗೆ ಕಾದಿದ್ದ ಪೇಷೆಂಟನ್ನು ಮರೆತು ಕಾಲು ಗಂಟೆ ಅದನ್ನೇ ತಿರುಗಿಸಿ ನೋಡಿದೆ. ಆರು ತಿಂಗಳಲ್ಲಿ ನಾನೂ ಕೌನ್ಸಿಲ್ ಈಜುಕೊಳದ ತಳದಲ್ಲಿ ಕೂತು ರಬ್ಬರ್ ಕಚ್ಚುವುದನ್ನು ಕಲಿಯುತ್ತಿದ್ದೆ.

ಇಷ್ಟನ್ನು ಎಲ್ಲರಿಗೂ ಹೇಳುತ್ತೇನೆ. ಹೇಳದ ಕಾರಣ ಧಾರವಾಡದ ಮಾಳಮಡ್ಡಿಯಲ್ಲಿದೆ.

ನಮ್ಮ ಅಪ್ಪ ಶೇಷಾದ್ರಿ ಮಾಸ್ತರರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಮನೆಯಲ್ಲಿ ಮಡಿಯುಟ್ಟು ಸಾಲಿಗ್ರಾಮದ ಪೂಜೆ ಮಾಡುತ್ತಿದ್ದರು. ಮುತ್ತಜ್ಜನ ಕಾಲದಿಂದ ಬಂದದ್ದು ಅದು, ನಿಂಬೆಹಣ್ಣಿಗಿಂತ ಕೊಂಚ ದೊಡ್ಡದು, ಕಪ್ಪಗೆ ಗುಂಡಗೆ. ಒಂದು ಬದಿಗೆ ಸಣ್ಣ ಬಾಯಿ, ಬಾಯೊಳಗೆ ಚಕ್ರ. ಹೆಂಗಸರು ಮುಟ್ಟುವಂತಿಲ್ಲ. ಅದನ್ನು ಮೀಯಿಸಿದ ನೀರು ದಿನಾ ತೀರ್ಥವಾಗಿ ನನ್ನ ಅಂಗೈಗೆ ಬೀಳುತ್ತಿತ್ತು. ಅಷ್ಟಕ್ಕೇ ತೃಪ್ತಿಪಡಬೇಕಿತ್ತು. ಅದೇ ಅಪ್ಪ ಮನೆಪಾಠಕ್ಕೆ ಬಂದ ಹುಡುಗರಿಗೆ, ಹಿಮಾಲಯ ಇರುವಲ್ಲಿ ಹಿಂದೆ ಸಮುದ್ರವಿತ್ತು, ಅಲ್ಲಿಯ ಗಂಡಕೀ ನದಿಯಲ್ಲಿ ಸಮುದ್ರದ ಪ್ರಾಣಿಗಳು ಕಲ್ಲಾಗಿ ಸಿಗುತ್ತವೆ ಎಂದು ಸೀಮೆಸುಣ್ಣದಲ್ಲಿ ಒಂದು ಸುರುಳಿ ಬರೆದು ತೋರಿಸುತ್ತಿದ್ದರು. ಆ ಸುರುಳಿ ನಮ್ಮ ದೇವರ ಪೆಟ್ಟಿಗೆಯೊಳಗೇ ಇದೆ ಎಂದು ಮಾತ್ರ ಹೇಳುತ್ತಿರಲಿಲ್ಲ. ನನಗೆ ಹತ್ತು ವರ್ಷ, ತಲೆ ಕೆರೆದು ಹುಣ್ಣಾಗುವಷ್ಟು ಕುತೂಹಲ.

ಒಂದು ದಿನ ಅಪ್ಪ ಬಚ್ಚಲಲ್ಲಿದ್ದಾಗ ಪೆಟ್ಟಿಗೆ ತೆಗೆದೆ. ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಬಾಯೊಳಗೆ ಒಂದು ಕಣ್ಣಿಟ್ಟೆ. ಒಳಗೆ ಸುರುಳಿಯಿತ್ತು, ಸುರುಳಿಯ ಮೇಲೆ ಬಾಚಣಿಗೆಯ ಹಲ್ಲಿನ ಹಾಗೆ ಗೆರೆಗಳಿದ್ದವು. ಎಣಿಸತೊಡಗಿದೆ. ಏಳಕ್ಕೆ ಬಂದಾಗ ಹಿಂದಿನಿಂದ ಅಪ್ಪ ಕೂಗಿದರು.

"ಎಷ್ಟೊತ್ತು ಹಿಡಕೊಂಡಿದ್ದಿ?"

"ಏಳು ಗೆರಿ ಎಣಸೂತನಕ," ಎಂದೆ. ಗಡಿಯಾರ ನೋಡಿರಲಿಲ್ಲ, ಬೇರೆ ಲೆಕ್ಕ ಗೊತ್ತಿರಲಿಲ್ಲ.

ಅಪ್ಪ ಹೊಡೆಯಲಿಲ್ಲ. ನನಗೆ ಪಂಚಗವ್ಯ ಕುಡಿಸಿದರು, ತಾವು ಆ ದಿನವೆಲ್ಲ ಉಪವಾಸ ಇದ್ದರು. ಅವರ ಉಪವಾಸ ನೋಡಿ ನನಗೆ ಪಂಚಗವ್ಯಕ್ಕಿಂತ ಹೆಚ್ಚು ಸಂಕಟವಾಯಿತು. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಬೆಂಗಳೂರಿಗೆ ಓದಲು ಹೋದೆ, ಮದುವೆಯಾದೆ, ಲಂಡನ್ನಿಗೆ ಬಂದೆ. ಏಳರ ಮುಂದೆ ಎಷ್ಟು ಗೆರೆ ಎನ್ನುವ ಪ್ರಶ್ನೆಯೂ ಜೊತೆಗೇ ಬಂತು. ಅಪ್ಪನ ಕಲ್ಲು ಮುಟ್ಟಬಾರದೆಂದರೆ ನನ್ನ ಕಲ್ಲು ನಾನೇ ಹುಡುಕಿ ತರುತ್ತೇನೆ ಎಂಬ ಹಟವೇ ನನ್ನನ್ನು ನೀರಿಗೆ ಇಳಿಸಿದ್ದು.

ಹದಿನಾಲ್ಕು ವರ್ಷ ಕರೆದರೂ ಅಪ್ಪ ಲಂಡನ್ನಿಗೆ ಬರಲಿಲ್ಲ. ಸಮುದ್ರ ದಾಟಿದರೆ ಪೂಜೆಯ ಅಧಿಕಾರ ಹೋಗುತ್ತದೆ ಎನ್ನುತ್ತಿದ್ದರು. 2004ರ ಏಪ್ರಿಲ್‌ನಲ್ಲಿ ತಾವಾಗಿಯೇ ಹೊರಟು ನಿಂತರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು, ತೋರಿಸಬೇಕಿತ್ತು. ಇನ್ನೊಂದು ಸುದ್ದಿಯನ್ನು ಫೋನಿನಲ್ಲೇ ಹೇಳಿದರು. ಜುಲೈನಲ್ಲಿ ತಿರುಗಿ ಹೋದ ಕೂಡಲೇ ಸಾಲಿಗ್ರಾಮವನ್ನು ಕಲಬುರಗಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಸತ್ಯಪ್ರಕಾಶನಿಗೆ ಒಪ್ಪಿಸುತ್ತಾರಂತೆ.

"ವಿಮಾನ ಸಮುದ್ರ ಮುಟ್ಟೂದಿಲ್ಲಲ್ಲ," ಎಂದು ತಮ್ಮ ಪ್ರಯಾಣಕ್ಕೆ ಸಮಾಧಾನವನ್ನೂ ಹೇಳಿಕೊಂಡರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಸತ್ಯಪ್ರಕಾಶ ಕೆಟ್ಟವನಲ್ಲ, ಬೆಳಿಗ್ಗೆ ಹತ್ತಕ್ಕೆ ಏಳುತ್ತಾನೆ ಅಷ್ಟೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಹಲ್ಲಿನ ಡಾಕ್ಟರಾದ ನನಗೇ ಈ ಗಾದೆ ಅನ್ವಯಿಸಬೇಕೆ! ಆ ಕಲ್ಲು ಅವನ ಪೆಟ್ಟಿಗೆಗೆ ಹೋದ ಮೇಲೆ ನನಗೆ ಅದರ ದರ್ಶನವೂ ಇಲ್ಲ. ಇರುವುದು ಮೂರೇ ತಿಂಗಳು.

ಹೀಥ್ರೂದಲ್ಲಿ ಅಪ್ಪನ ಕೈಚೀಲವನ್ನು ತೆಗೆಸಿದ್ದರಂತೆ. ಬೆಳ್ಳಿಯ ಡಬ್ಬಿಯಲ್ಲಿ ಏನಿದೆ ಎಂದು ಅಧಿಕಾರಿ ಕೇಳಿದ.

"ಮೈ ಗಾಡ್, ಸರ್," ಎಂದರು ಅಪ್ಪ.

ಮುದುಕರು ಗಾಬರಿಯಾಗಿದ್ದಾರೆಂದು ತಿಳಿದ ಅಧಿಕಾರಿ ಕೂರಿಸಿ ನೀರು ಕೊಟ್ಟು ಕಳಿಸಿದ. ಕಾರಿನಲ್ಲಿ ಅಪ್ಪ ಇದನ್ನು ಹೇಳುವಾಗ ನನ್ನ ಹನ್ನೊಂದು ವರ್ಷದ ಮಗಳು ಮಾನ್ಯಾ ನಕ್ಕು ನಕ್ಕು ಸೀಟಿನಿಂದ ಜಾರಿದಳು.

ಮಹಡಿಯ ಪುಟ್ಟ ಕೋಣೆಯನ್ನು ಅಪ್ಪನ ಪೂಜೆಗೆ ಬಿಟ್ಟುಕೊಟ್ಟೆವು. ಇಲ್ಫರ್ಡ್ ಲೇನಿನ ಅಂಗಡಿಯಿಂದ ತುಳಸಿಯ ಕುಂಡ ಬಂತು. ಮುಕುಂದನ ಪರಿಚಯದ ಕಣ್ಣಿನ ಡಾಕ್ಟರು ನೋಡಿ, ಇದು ಪೊರೆಯಲ್ಲ, ಹಿಂದಿನ ಪರದೆಯೇ ಹಾಳಾಗಿದೆ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಎಷ್ಟು ಉಳಿದಿದೆ ಎಂದು ಅಪ್ಪನನ್ನು ಕೇಳಿದರೆ "ಕಾಣತದ, ಕಾಣತದ" ಎನ್ನುವುದೊಂದೇ ಉತ್ತರ. ಮೆಟ್ಟಿಲನ್ನು ಎಣಿಸಿಕೊಂಡು ಇಳಿಯುತ್ತಿದ್ದರು. ಚಹಾದ ಕಪ್ಪು ಬಿಸಿಯೋ ತಣ್ಣಗೋ ಬೆರಳಿಗೆ ತಿಳಿಯುತ್ತಿರಲಿಲ್ಲ, ಬೆರಳ ತುದಿಗಳಿಗೂ ಜೋಮು ಹಿಡಿದಿತ್ತು.

ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ನನ್ನ ಬಟ್ಟಲುಗಳ ಸಾಲಿತ್ತು. ಸಮುದ್ರದಿಂದ ತಂದದ್ದನ್ನು ವಾರಗಟ್ಟಲೆ ಸಿಹಿನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಬೇಕು. ಇಲ್ಲವಾದರೆ ಒಳಗಿನ ಉಪ್ಪು ಒಣಗಿ ಸೀಳುತ್ತದೆ. ಅಪ್ಪ ಒಂದು ಸಂಜೆ ಆ ಬಟ್ಟಲುಗಳ ಎದುರು ನಿಂತು, ಯಾವ ಪದರದಲ್ಲಿ ಸಿಗುತ್ತವೆ, ಮೇಲಿನ ಮಣ್ಣು ಯಾವುದು, ಕೆಳಗಿನ ಮರಳು ಯಾವುದು ಎಂದೆಲ್ಲ ಕೇಳಿದರು. ಮೂವತ್ತು ವರ್ಷ ಭೂಗೋಳ ಕಲಿಸಿದ ದನಿ ಅದು. ನಾನು ಉತ್ಸಾಹದಿಂದ ಒಂದು ಹಲ್ಲನ್ನು ಅವರ ಕೈಗಿಡಲು ಹೋದೆ. ಕೈ ಹಿಂದಕ್ಕೆಳೆದುಕೊಂಡರು.

"ಬ್ಯಾಡವಾ. ಮೀನದ್ದು."

"ಹಂಗಾದ್ರ ನೀವು ನನ್ನದು ಮುಟ್ಟೂದಿಲ್ಲ, ನಾ ನಿಮ್ಮದು ಮುಟ್ಟಬಾರದು," ಎಂದೆ. ಬಾಯಿ ಬಿಟ್ಟಿದ್ದೇ ಬಿಟ್ಟಿದ್ದು, ಪೂರ್ತಿ ಕೇಳಿಯೇಬಿಡೋಣ ಎನಿಸಿತು. "ಅಪ್ಪಾ, ಸತ್ಯಪ್ರಕಾಶಗ ಕೊಡೂಕಿಂತ ಮೊದಲ, ಒಂದ್ಸಲ ಆ ಕಲ್ಲು ನನ್ನ ಕೈಯಾಗ ಕೊಡ್ತೀರೇನು? ಬರೇ ನೋಡಲಿಕ್ಕೆ."

"ಅದು ಕಲ್ಲಲ್ಲ, ಇಂದೂ," ಎಂದರು. ಮೆಟ್ಟಿಲೆಣಿಸುತ್ತ ಮೇಲೆ ಹೋದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಲವತ್ತೊಂದರ ಹೆಂಗಸು ಸಿಂಕಿನ ಎದುರು ನಿಂತು ಮೂಗು ಒರೆಸಿಕೊಂಡೆ.

ಮೇ ತಿಂಗಳ ಎರಡನೇ ಭಾನುವಾರ ನಾನೂ ದಾನಪ್ಪನೂ ಎಂದಿನಂತೆ ಡಾರ್ಟ್‌ಫರ್ಡ್ ಸೇತುವೆ ದಾಟಿ ಕೆಂಟ್ ದಂಡೆಯ ಹರ್ನ್ ಬೇ ಊರಿಗೆ ಹೋದೆವು. ಅಲ್ಲಿ ದೋಣಿ ಗೀಣಿ ಇಲ್ಲ, ದಂಡೆಯಿಂದಲೇ ಇಳಿಯಬೇಕು. ಸೊಂಟಕ್ಕೆ ಸೀಸದ ತೂಕ, ಕಾಲಿಗೆ ಅಗಲವಾದ ರಬ್ಬರ್ ಪಾದ, ಹಾಗಾಗಿ ನೀರಿಗೆ ಬೆನ್ನು ಹಾಕಿ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋಗುತ್ತೇವೆ. ನಾಯಿ ತಿರುಗಾಡಿಸಲು ಬಂದ ಮುದುಕಿಯರು ನಿಂತು ನೋಡುತ್ತಾರೆ. ನೀರು ದೂರ ಇಳಿದ ದಿನ ಹಲ್ಲು ಹೆಕ್ಕುವವರು ಬೂಟು ಹಾಕಿಕೊಂಡು ನಡೆದೇ ಬರುತ್ತಾರೆ. ಅವರ ಕಾಲಿಗೆ ಎಟುಕದ ಆಚೆಯ ಪಟ್ಟಿ ನಮ್ಮ ಪಾಲಿನದು. ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರು ಸುಮ್ಮನೆ ನಿಲ್ಲುವ ಮುಕ್ಕಾಲು ಗಂಟೆ ನಮ್ಮ ಕೆಲಸದ ಹೊತ್ತು.

ಕೆಳಗೆ ಏನು ಕಾಣುತ್ತದೆ ಎಂದು ಜನ ಕೇಳುತ್ತಾರೆ. ಏನೂ ಕಾಣುವುದಿಲ್ಲ. ಥೇಮ್ಸ್ ನದಿ ತಂದು ಸುರಿದ ಮಣ್ಣಿನಿಂದ ನೀರು ಹಾಲು ಕಡಿಮೆಯಾದ ಚಹಾದ ಬಣ್ಣ, ಚಾಚಿದ ಕೈಯ ಬೆರಳು ಕಂಡರೆ ಅವತ್ತು ಒಳ್ಳೆಯ ದಿನ. ದಾನಪ್ಪನಿಗೂ ನನಗೂ ನಡುವೆ ಒಂದು ಹಗ್ಗ. ಒಂದು ಸಲ ಜಗ್ಗಿದರೆ ಇದ್ದೀರೇನು ಎಂದು, ಎರಡು ಸಲ ಜಗ್ಗಿದರೆ ಸಿಕ್ಕಿತು ಎಂದು. ನೀರು ಎಷ್ಟೇ ತಣ್ಣಗಿದ್ದರೂ ನಾನು ಬಲಗೈಗೆ ಗ್ಲೌಸ್ ಹಾಕುವುದಿಲ್ಲ. ಐದು ಮೀಟರ್ ಆಳದಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಬೆರಳಿನಿಂದಲೇ ನೋಡುತ್ತೇನೆ. ಚಿಪ್ಪು ಒರಟು, ಗಾಜು ಜಾರುತ್ತದೆ, ಹಲ್ಲಿನ ಬೇರು ಒರಟಾಗಿ ಶುರುವಾಗಿ ತಟಕ್ಕನೆ ನುಣುಪಾಗುತ್ತದೆ. ಆ ಗಡಿ ಬೆರಳಿಗೆ ಸಿಕ್ಕ ಕ್ಷಣ ಎದೆ ಹಾರುತ್ತದೆ. ಎಷ್ಟು ವರ್ಷವಾದರೂ ಅದು ಹಳತಾಗಿಲ್ಲ.

ಆ ದಿನ ನಾಲ್ಕಾರು ಸಣ್ಣ ಹಲ್ಲುಗಳ ಜೊತೆಗೆ ಒಂದು ಗುಂಡುಕಲ್ಲು ಸಿಕ್ಕಿತು. ಅಂಗೈಯಲ್ಲಿ ಕೂತಾಗಲೇ ಅದರ ಅಳತೆ ನನಗೆ ಗುರುತು ಹತ್ತಿತು. ಒಂದು ಬದಿಗೆ ತೂತಿತ್ತು, ತೂತಿನ ತುಂಬ ಜೇಡಿ. ಹಗ್ಗವನ್ನು ಎರಡು ಸಲವಲ್ಲ, ನಾಲ್ಕು ಸಲ ಜಗ್ಗಿದೆ. ದಾನಪ್ಪ ಗಾಬರಿಯಾಗಿ ನನ್ನನ್ನು ದಂಡೆಗೆ ಎಳೆದುಕೊಂಡೇ ಬಂದ.

"ಇದಕ್ಕ ಇಷ್ಟ ಜಗ್ಗಿದ್ರೇನ್ರೀ?" ಎಂದು ಕಲ್ಲನ್ನು ತಿರುಗಿಸಿ ನೋಡಿದ. "ನಿಮ್ಮ ಮನಿ ದೇವ್ರ ಇದ್ದಂಗ ಐತಲ್ರೀ ಬಾಯಾರ."

ತಮಾಷೆಗೆ ಅಂದದ್ದು. ಕಲ್ಲು ಕೊರೆಯುವ ಒಂದು ಚಿಪ್ಪಿನ ಪ್ರಾಣಿ ಅಂಥ ತೂತು ಮಾಡುತ್ತದೆ ಎಂದು ಅವನಿಗೆ ವಿವರಿಸಿದೆ. ಸಾಲಿಗ್ರಾಮವನ್ನು ವಜ್ರಕೀಟವೆಂಬ ಹುಳು ಹಲ್ಲಿನಿಂದ ಕೊರೆಯುತ್ತದೆ ಎಂದು ನಮ್ಮ ಅವ್ವ ಹೇಳುತ್ತಿದ್ದದ್ದು ನೆನಪಾಯಿತು. ಮನೆಗೆ ಬಂದು ಜೇಡಿ ಬಿಡಲೆಂದು ಅದನ್ನೂ ಸಣ್ಣ ಹಲ್ಲುಗಳನ್ನೂ ಒಂದು ತಾಮ್ರದ ಬಟ್ಟಲಲ್ಲಿ ನೆನೆಹಾಕಿಟ್ಟೆ. ನನ್ನ ಮದುವೆಯಲ್ಲಿ ಅವ್ವ ಕೊಟ್ಟ ಬಟ್ಟಲು ಅದು. ಅದರ ಜೋಡಿ ಅಪ್ಪನ ಪೂಜೆಯಲ್ಲಿತ್ತು. ಸೋಮವಾರ ನೀರು ಬದಲಿಸಿದೆ, ಮಂಗಳವಾರ ಮರೆತೆ.

ಬುಧವಾರ ಬೆಳಿಗ್ಗೆ ನಾನು ಕ್ಲಿನಿಕ್ಕಿಗೆ ಹೊರಡುತ್ತಿದ್ದೆ. ಮಹಡಿಯ ಕೋಣೆಯಲ್ಲಿ ಅಪ್ಪ ಧೂಪ ಹಾಕಿದ್ದರು. ಕಿಟಕಿ ತೆರೆಯಲು ಮರೆತಿದ್ದರು. ಹೊಗೆಗೆ ಚೀರುವ ಅಲಾರ್ಮು ಒಮ್ಮೆಲೇ ಮನೆಯೆಲ್ಲ ಕಿತ್ತುಹೋಗುವ ಹಾಗೆ ಚೀರತೊಡಗಿತು. ನಾನು ಸ್ಟೂಲು ಹತ್ತಿ ಟವೆಲು ಬೀಸುತ್ತಿದ್ದೆ, ಮಾನ್ಯಾ ಕಿವಿ ಮುಚ್ಚಿಕೊಂಡು ಕುಣಿಯುತ್ತಿದ್ದಳು, ಪಕ್ಕದ ಮನೆಯವರು ಗೋಡೆ ಗುದ್ದುತ್ತಿದ್ದರು. ಬೆಂಕಿ ಬಿತ್ತೆಂದು ತಿಳಿದ ಅಪ್ಪ ದೇವರಿದ್ದ ಬಟ್ಟಲನ್ನು ಎದೆಗವಚಿಕೊಂಡು ಕೆಳಗಿಳಿದು ಅಡುಗೆಮನೆಗೆ ಹೋದರು. ಅಲಾರ್ಮು ನಿಂತಿತು. ಅಪ್ಪ ಬಟ್ಟಲು ಹಿಡಿದು ಮೇಲೆ ಹೋಗಿ ಪೂಜೆ ಮುಂದುವರಿಸಿದರು. ತಡವಾಗಿತ್ತೆಂದು ನಾನು ತೀರ್ಥ ತೆಗೆದುಕೊಳ್ಳದೆ ಓಡಿದೆ.

ಸಂಜೆ ಆರಕ್ಕೆ ಬಂದು ಚಹಾ ಮಾಡುತ್ತಿದ್ದಾಗ ಮಾನ್ಯಾ ಬಿಸ್ಕತ್ತು ತಿನ್ನುತ್ತ ಹೇಳಿದಳು.

"ಮಮ್, ಅಜ್ಜಾಸ್ ತೀರ್ಥ ವಾಸ್ ಸಾಲ್ಟಿ ಟುಡೇ."

ನನ್ನ ಕೈಯಲ್ಲಿದ್ದ ಚಮಚೆ ನಿಂತಿತು. ಕಿಟಕಿಯ ಕಟ್ಟೆಗೆ ಹೋಗಿ ನೋಡಿದೆ. ತಾಮ್ರದ ಬಟ್ಟಲು ಇದ್ದಲ್ಲೇ ಇತ್ತು. ತಳದಲ್ಲಿ ಕಪ್ಪು ಗುಂಡುಕಲ್ಲಿತ್ತು, ಬಾಯಿ ಅಡಿಯಾಗಿ. ಸಣ್ಣ ಹಲ್ಲು ಒಂದೂ ಇರಲಿಲ್ಲ. ನೀರಿನ ಮೇಲೆ ಒಂದು ತುಳಸಿ ಎಲೆ ತೇಲುತ್ತಿತ್ತು.

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಯಾರಾದರೂ ನೋಡಿದ್ದರೆ ಹತ್ತು ವರ್ಷದ ಹುಡುಗಿ ಎಂದುಕೊಳ್ಳಬೇಕು, ಹಾಗೆ ನಿಂತಿದ್ದೆ. ಮೂವತ್ತು ವರ್ಷ ಬಯಸಿದ್ದು ಗೇಣು ದೂರದಲ್ಲಿ, ನನ್ನದೇ ಅಡುಗೆಮನೆಯಲ್ಲಿ, ನೀರಿನಲ್ಲಿ ಕೂತಿತ್ತು.

ಮುಕುಂದ ಮೈಸೂರಿನವನು, ಎಲ್ಲಕ್ಕೂ ಒಂದು ಸುಲಭದ ದಾರಿ ಇಟ್ಟುಕೊಂಡವನು. ವಿಷಯ ಕೇಳಿ ಮೊದಲು ಬಾಯಿ ಮುಚ್ಚಿಕೊಂಡು ನಕ್ಕ. ಆಮೇಲೆ ಹೇಳಿದ, "ಗ್ಲೌಸ್ ಹಾಕ್ಕೊಂಡು ಎತ್ತಿ ಪೆಟ್ಟಿಗೇಲಿ ಇಟ್ಬಿಡು ಕಣೇ. ಅದನ್ನ ಇಲ್ಲಿಗೆ ತಂದಿಡು. ಮಾವನವರಿಗೆ ಕಣ್ಣು ಕಾಣಲ್ಲ, ಯಾರಿಗೆ ಗೊತ್ತಾಗತ್ತೆ? ಹಂಗೇ ನಿನ್ನ ಆಸೇನೂ ತೀರಿಹೋಗತ್ತೆ."

ಸುಳ್ಳು ಯಾಕೆ, ಎರಡು ನಿಮಿಷ ಯೋಚಿಸಿದೆ. ನನ್ನ ಬಳಿ ಗ್ಲೌಸ್ ಇತ್ತು, ಇಕ್ಕಳವಿತ್ತು, ಬಾಯೊಳಗೆ ನೋಡುವ ಕನ್ನಡಿಯೂ ಇತ್ತು. ಆದರೆ ಒಮ್ಮೆ ಕದ್ದು ನೋಡಿದ್ದಕ್ಕೆ ಏಳಕ್ಕೇ ನಿಂತಿತ್ತು. ಇನ್ನೊಮ್ಮೆ ಕದ್ದರೆ ಎಷ್ಟು ಎಣಿಸಿದರೂ ಅದು ನನ್ನದಾಗುವುದಿಲ್ಲ ಎನಿಸಿತು. ಮೇಲೆ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ.

ಅಪ್ಪ ಜಪಮಾಲೆಯ ಮಣಿ ಎಣಿಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. ಎಂಟಕ್ಕೆ ಹತ್ತಿರ ಬಂದಿದ್ದರೂ ಮೇ ತಿಂಗಳ ಬೆಳಕು ಕಿಟಕಿಯಲ್ಲಿ ಇನ್ನೂ ಇತ್ತು.

"ಆ ನೀರಾಗ ಏನಿತ್ತು?"

"ಶಾರ್ಕಿನ ಹಲ್ಲು. ಐದೂವರೆ ಕೋಟಿ ವರ್ಷದ್ದು."

"ಮೂರು ಉದ್ಧರಣಿ ಕುಡದೀನಿ. ಕೂಸಿಗೂ ಕೊಟ್ಟೀನಿ." ಕೈಯಲ್ಲಿದ್ದ ಜಪಮಾಲೆಯನ್ನು ಬದಿಗಿಟ್ಟರು. "ಐದು ಕೋಟಿ ವರ್ಷ ಸಮುದ್ರ ತೊಳದದ್ದರಾಗ ಮೈಲಿಗಿ ಎಷ್ಟು ಉಳದೀತು ಅಂತೀ?"

ನಗಬೇಕೋ ಬೇಡವೋ ತಿಳಿಯಲಿಲ್ಲ.

"ಬಟ್ಟಲ ಬದಲಾಗ್ಯಾವ ಖರೆ, ದೇವರೂ ಬದಲಾಗೇದಂತ ಅಷ್ಟು ಖಾತ್ರಿಲೇ ಹೇಳಬ್ಯಾಡ," ಎಂದರು. "ಕೆಳಗ ಇಡೋ ಮುಂದ ನನ್ನ ಕೈ ನಡಗಿ ದೇವರು ಹೊರಗ ಉರುಳಿತು. ನೀರಾಗ ಬಿದ್ದ ಸಪ್ಪಳ ಕೇಳಿತು. ಯಾವ ಬಟ್ಟಲದಾಗ ಅಂತ ಕಾಣಲಿಲ್ಲ. ಕೈ ಹಾಕಿ ಹುಡುಕಿದೆ, ಸಿಕ್ಕದ್ದು ತಗದೆ, ಮತ್ತ ಇಟ್ಟೆ. ಯಾವುದು ಯಾವುದರಾಗ ಅದ ಅಂತ ನನಗ ಗೊತ್ತಿಲ್ಲ. ತುಳಸಿ ಎರಡರಾಗೂ ಬಿದ್ದಿರಬೇಕು."

"ಬೆರಳಿಗೆ ತಿಳೀಲಿಲ್ಲೇನು ಅಪ್ಪಾ? ಚಕ್ರ?"

"ಬೆರಳು ಹೋಗಿ ಎರಡು ವರ್ಷ ಆತು, ಇಂದೂ. ಕಣ್ಣೂ ಅಷ್ಟ. ಮಂತ್ರ ಬಾಯಾಗದ, ಅದಕ್ಕ ಪೂಜಿ ನಡದದ. ನಾ ಏನು ಹಿಡದೀನಿ ಅನ್ನೂದು ನನಗ ಕಾಣೂದಿಲ್ಲ. ಅದಕ್ಕ ಸತ್ಯಪ್ರಕಾಶಗ ಕೊಡಲಿಕ್ಕೆ ಹೊಂಟದ್ದು." ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿದರು. "ಕಾಣತದ ಕಾಣತದ ಅಂದೆ. ಏನಂತ ಹೇಳಲಿ?"

ಇಷ್ಟು ದಿನ ನಾನು ಅವರ ಹಟವನ್ನು ಕಂಡಿದ್ದೆ, ಅವರ ಭಯವನ್ನು ಕಂಡಿರಲಿಲ್ಲ. ಅವರ ಕಾಲ ಬಳಿ ಕೂತೆ. ಎರಡು ಕಲ್ಲು ಇವೆ, ಇವರಿಗೆ ಯಾವುದೂ ಕಾಣುವುದಿಲ್ಲ. ಮುಟ್ಟದೆ ತಿಳಿಯುವ ದಾರಿ ನನಗೂ ಗೊತ್ತಿಲ್ಲ. ಮುಕುಂದನನ್ನು ಕರೆಯಲೇ ಎಂದೆ. ಅವನಿಗೆ ಕಲ್ಲು ಯಾವುದು ಬಟಾಟೆ ಯಾವುದು ತಿಳಿಯುವುದಿಲ್ಲ ಎಂದು ನಾನೇ ಸೇರಿಸಿದೆ.

"ಅವರ್ಯಾಕ?" ಎಂದರು ಅಪ್ಪ. "ಹೋಗು. ಸ್ನಾನ ಮಾಡಿ ಮಡೀಲೆ ಬಾ."

ಸ್ನಾನವೇನೋ ಮಾಡಿದೆ. ಮಡಿಗೆಂದು ಒದ್ದೆ ಮಾಡಿ ಉಡಬಹುದಾದ ಬಟ್ಟೆ ಆ ಮನೆಯಲ್ಲಿ ನನ್ನ ಬಳಿ ಒಂದೇ ಇತ್ತು, ಅದು ಡೈವಿಂಗ್ ಸೂಟು. ಕೊನೆಗೆ ಒಂದು ಹಳೆಯ ಹತ್ತಿ ಸೀರೆಯನ್ನು ನಲ್ಲಿಯ ಕೆಳಗೆ ಹಿಂಡಿ ಸುತ್ತಿಕೊಂಡು, ಥಂಡಿಗೆ ಹಲ್ಲು ಕಟಕಟ ಎನ್ನುತ್ತ ಹೋದೆ. ಅಪ್ಪ ಪೆಟ್ಟಿಗೆ ತೆರೆದು, ಒಳಗಿದ್ದದ್ದನ್ನು ಹರಿವಾಣದಲ್ಲಿ ಇಟ್ಟಿದ್ದರು. ಕೆಳಗಿನ ಬಟ್ಟಲನ್ನು ನಾನು ತಂದು ಅದರ ಪಕ್ಕಕ್ಕಿಟ್ಟೆ.

"ತಗೋ," ಎಂದರು.

ಮೊದಲು ಪೆಟ್ಟಿಗೆಯೊಳಗಿನದನ್ನು ಎತ್ತಿದೆ. ಗಂಧದ ಬೊಟ್ಟು ಇತ್ತು ಅದಕ್ಕೆ. ಹಿಡಿದ ಕೂಡಲೇ ಗೊತ್ತಾಯಿತು, ತೂಕ ಕಡಿಮೆ, ಮೈ ಒರಟು. ಮೂರು ದಿನ ನೆನೆದು ತೂತಿನ ಜೇಡಿ ಬಿಟ್ಟಿತ್ತು. ಒಳಗೆ ಬೆರಳ ತುದಿ ಇಳಿಸಿದೆ, ಒರಟು ತಟಕ್ಕನೆ ನುಣುಪಾಯಿತು.

"ಇದು ನಂದು ಅಪ್ಪಾ. ಇದರ ಬಾಯಾಗ ಒಂದು ಹಲ್ಲದ."

"ಅದಕ್ಕ ಇವತ್ತ ಷೋಡಶೋಪಚಾರ ಆಗೇದ," ಎಂದರು. ಮುಖದಲ್ಲಿ ನಗೆಯ ಒಂದು ಎಳೆ ಬಂದು ಹೋಯಿತು. "ಇಡು. ಇನ್ನೊಂದು ನೋಡು."

ಬಟ್ಟಲಿಗೆ ಕೈ ಹಾಕಿದೆ. ನೀರು ತಣ್ಣಗಿತ್ತು. ಕಲ್ಲು ಭಾರವಾಗಿತ್ತು, ತಲೆಮಾರುಗಟ್ಟಲೆ ನಮ್ಮ ಗಂಡಸರ ಕೈ ತಿಕ್ಕಿ ತಿಕ್ಕಿ ಎಣ್ಣೆ ಹಚ್ಚಿದಷ್ಟು ನುಣುಪಾಗಿತ್ತು. ಹತ್ತನೇ ವಯಸ್ಸಿನಲ್ಲಿ ಎರಡು ಕೈಯಲ್ಲಿ ಹಿಡಿದದ್ದು ಈಗ ಒಂದೇ ಅಂಗೈಯಲ್ಲಿ ಕೂತಿತು. ಕಣ್ಣಲ್ಲಿ ನೀರು ಬಂದು ಏನೂ ಕಾಣಲಿಲ್ಲ. ಭುಜಕ್ಕೆ ಒರೆಸಿಕೊಂಡು, ಕಿಟಕಿಗೆ ತಿರುಗಿ, ಬಾಯಿಯನ್ನು ಬೆಳಕಿಗೆ ಹಿಡಿದೆ.

"ಏನು ಕಾಣತದ?" ಅಪ್ಪ ಮುಂದೆ ಬಾಗಿದ್ದರು.

"ಸುರುಳಿ ಅದ. ಎಡಕ್ಕ ತಿರಗೇದ. ನಡುವ ಒಂದು ಕಣ್ಣು ಅದ, ಸಾಸವಿಯಷ್ಟು. ಸುರುಳಿ ಮ್ಯಾಲೆ ಗೆರಿ ಅವ ಅಪ್ಪಾ, ಒಂದರ ಬಾಜೂಕ ಒಂದು. ಅಂಚಿನ್ಯಾಗ ಸ್ವಲ್ಪ ಬಂಗಾರದ ಹೊಳಪದ."

ಅವರು ಕಣ್ಣು ಮುಚ್ಚಿ ಕೇಳಿದರು. ಪ್ರತಿ ಮಾತಿಗೂ ತಲೆಯಾಡಿಸಿದರು. ಕಾಣುತ್ತಿದ್ದ ಕಾಲದಲ್ಲಿ ನೋಡಿದ್ದನ್ನು ನನ್ನ ಮಾತಿನೊಂದಿಗೆ ಹೊಂದಿಸಿಕೊಳ್ಳುತ್ತಿದ್ದರು.

"ಹೌದು. ಅದ," ಎಂದರು. "ನಮ್ಮ ದೇವರು ಇದೇ."

ಇನ್ನು ಕೊಟ್ಟುಬಿಡಬೇಕು. ಗುರುತು ಸಿಕ್ಕಿತು, ಕೆಲಸ ಮುಗಿಯಿತು. ನಾನು ಕಲ್ಲನ್ನು ಹರಿವಾಣದ ಕಡೆ ಚಾಚಿದೆ. ಕೈ ಮಾತ್ರ ಬಿಡಲೊಲ್ಲದು. ಪಂಚಗವ್ಯ ಇಲ್ಫರ್ಡ್ ಲೇನಿನಲ್ಲಿ ಸಿಗುವುದಿಲ್ಲ, ನಾಳೆ ಉಪವಾಸ ಮಾತ್ರ ಮಾಡಬೇಡಿ ಎಂದು ಹೇಳಬೇಕೆಂದು ಬಾಯಿ ತೆರೆದೆ.

ಅಪ್ಪ ಕೈ ಎತ್ತಿ ತಡೆದರು. ಅವರ ಮುಖ ನನ್ನ ಕಡೆಗಿತ್ತು, ಕಣ್ಣು ಕಿಟಕಿಯ ಬೆಳಕಿನ ಕಡೆಗೆ.

"ಅವತ್ತ ಏಳಕ್ಕ ನಿಲ್ಲಿಸಿದೆ ನಾ ನಿನ್ನ," ಎಂದರು. "ಎಂಟರಿಂದ ಎಣಸು."